ಲವಂಗ ಹಾಕದ ಲವಂಗದ ಘಮ: ಬವೇರಿಯದ ಸ್ಟ್ರಾಂಗ್ ಗೋಧಿ ಬಿಯರ್ ಮತ್ತು ರುಚಿ ಪರೀಕ್ಷೆಯ ಕ್ರಮ

ಆಹಾರ ಹಾಗೂ ಪಾನೀಯಗಳ ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಉದ್ಯಮಿಗೆ ಪ್ರಯೋಗಾಲಯದ ದುಬಾರಿ ಉಪಕರಣಗಳು ಸುಲಭವಾಗಿ ಕೈಗೆಟುಕುವುದಿಲ್ಲ. ಆದರೆ ಪ್ರತಿಯೊಬ್ಬ ಉದ್ಯಮಿಯ ಬಳಿಯೂ ಖರ್ಚಿಲ್ಲದ ಎರಡು ಉಪಕರಣಗಳಿವೆ. ಅವೇ ಮೂಗು ಮತ್ತು ನಾಲಿಗೆ. ಇವುಗಳನ್ನು ಬಳಸುವ ಕ್ರಮವನ್ನು ಮಾತ್ರ ನಾವು ವಿಧಿವತ್ತಾಗಿ ಕಲಿಯುವುದು ಅಪರೂಪ. ಮಾದರಿಯನ್ನು ಬಾಯಿಗೆ ಹಾಕಿಕೊಂಡು ‘ಚೆನ್ನಾಗಿದೆ’ ಅಥವಾ ‘ಏನೋ ಸರಿಯಿಲ್ಲ’ ಎಂದು ಹೇಳುವುದು ಅಭಿಪ್ರಾಯವೇ ಹೊರತು ಪರೀಕ್ಷೆಯಲ್ಲ. ಕಂಡ ರುಚಿಗೆ ಹೆಸರು ಕೊಟ್ಟು, ಆ ರುಚಿ ಕಾರ್ಖಾನೆಯ ಯಾವ ಹಂತದಲ್ಲಿ ಹುಟ್ಟಿತು ಎಂಬುದನ್ನು ಗುರುತಿಸಿದಾಗಲಷ್ಟೇ ಅದು ಪರೀಕ್ಷೆ ಎನಿಸಿಕೊಳ್ಳುತ್ತದೆ.

ಈ ಮಾತನ್ನು ವಿವರಿಸಲು ಜರ್ಮನಿಯ ಬವೇರಿಯ ಪ್ರಾಂತ್ಯದ ಒಂದು ಗೋಧಿ ಬಿಯರ್ ಅತ್ಯಂತ ಸೂಕ್ತವಾದ ಉದಾಹರಣೆಯಾಗಿದೆ. ಅದನ್ನು ಮೂಸಿದವರಿಗೆ ಲವಂಗದ ಘಮ ಸ್ಪಷ್ಟವಾಗಿ ತಿಳಿಯುತ್ತದೆ, ಮಾಗಿದ ಬಾಳೆಹಣ್ಣಿನ ವಾಸನೆಯೂ ಬರುತ್ತದೆ. ಆದರೆ ಅದರ ತಯಾರಿಕೆಯಲ್ಲಿ ಲವಂಗವನ್ನಾಗಲಿ ಬಾಳೆಹಣ್ಣನ್ನಾಗಲಿ ಬಳಸುವುದಿಲ್ಲ. ಹಾಗಾದರೆ ಈ ಮಸಾಲೆ ಎಲ್ಲಿಂದ ಬಂತು? ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಇಲ್ಲಿನ ಆಶಯವಲ್ಲ. ಉಪ್ಪಿನಕಾಯಿಯಿಂದ ಕಾಫಿ ಪುಡಿಯವರೆಗೆ ಯಾವುದೇ ಸರಕನ್ನು ತಯಾರಿಸುವವರಿಗೂ ಈ ಕ್ರಮ ಉಪಯುಕ್ತವಾದುದು.

ಹಿನ್ನೆಲೆ: ನಶಿಸುತ್ತಿದ್ದ ಸರಕನ್ನು ಉಳಿಸಿದ ಕುಟುಂಬ

1516ರಲ್ಲಿ ಬವೇರಿಯದ ದೊರೆಗಳು ಹೊರಡಿಸಿದ ಪ್ರಸಿದ್ಧ ಆಜ್ಞೆಯು ಬಿಯರ್ ತಯಾರಿಕೆಗೆ ಬಾರ್ಲಿ, ಹಾಪ್ಸ್ ಹೂವು ಮತ್ತು ನೀರು ಈ ಮೂರನ್ನು ಮಾತ್ರ ಅನುಮತಿಸಿತು. ಗೋಧಿಯನ್ನು ರೊಟ್ಟಿಗಾಗಿ ಉಳಿಸಿಕೊಳ್ಳುವುದು ಅದರ ಒಂದು ಉದ್ದೇಶವಾಗಿತ್ತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಆದರೂ ಡೆಗೆನ್‌ಬರ್ಗ್ ಎಂಬ ಶ್ರೀಮಂತ ಮನೆತನಕ್ಕೆ ಗೋಧಿ ಬಿಯರ್ ತಯಾರಿಸುವ ವಿಶೇಷ ಹಕ್ಕು ಇತ್ತು. 1602ರಲ್ಲಿ ಆ ವಂಶ ಕೊನೆಗೊಂಡಾಗ ಹಕ್ಕು ದೊರೆ ಮ್ಯಾಕ್ಸಿಮಿಲಿಯನ್‌ನ ಕೈಸೇರಿತು. ಆತ ಅದನ್ನು ಏಕಸ್ವಾಮ್ಯವಾಗಿ ನಡೆಸಿ ಬೊಕ್ಕಸಕ್ಕೆ ದೊಡ್ಡ ಆದಾಯ ಮಾಡಿಕೊಂಡ. ಡ್ಯಾನ್ಯೂಬ್ ನದಿಯ ದಂಡೆಯಲ್ಲಿರುವ ಕೆಲ್‌ಹೈಮ್ ಪಟ್ಟಣದ ಗೋಧಿ ಬಿಯರ್ ಕಾರ್ಖಾನೆ 1607ರಲ್ಲಿ ಆತನ ಕಾಲದಲ್ಲಿಯೇ ಸ್ಥಾಪನೆಯಾಯಿತು.

ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ವೇಳೆಗೆ ಜನರ ಅಭಿರುಚಿ ಬದಲಾಯಿತು. ತಂಪಿನಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಶೇಖರಿಸಿಡುವ ಲಾಗರ್ ಬಿಯರ್ ಮಾರುಕಟ್ಟೆಯನ್ನು ಆಕ್ರಮಿಸಿತು, ಗೋಧಿ ಬಿಯರಿನ ಬೇಡಿಕೆ ಕುಸಿಯಿತು. ಇಂತಹ ಸಮಯದಲ್ಲಿ, 1855ರಲ್ಲಿ, ಗೇಯೊರ್ಗ್ ಶ್ನೈಡರ್ ಎಂಬಾತ ಮ್ಯೂನಿಕ್ ನಗರದ ರಾಜಮನೆತನದ ಗೋಧಿ ಬಿಯರ್ ಕಾರ್ಖಾನೆಯನ್ನು ಗೇಣಿಗೆ ಪಡೆದುಕೊಂಡ. 1872ರಲ್ಲಿ ದೊರೆ ಎರಡನೆಯ ಲುಡ್ವಿಗ್‌ನಿಂದ ಗೋಧಿ ಬಿಯರ್ ತಯಾರಿಸುವ ಹಕ್ಕನ್ನು ಪಡೆದು ಸ್ವಂತ ಕಾರ್ಖಾನೆಯನ್ನು ಆರಂಭಿಸಿದ. ಎಲ್ಲರೂ ಕೈಬಿಡುತ್ತಿದ್ದ ಸರಕಿನ ಮೇಲೆ ಬಂಡವಾಳ ಹೂಡಿದ ಈ ನಿರ್ಧಾರ ಫಲ ನೀಡಿತು. ಸಂಸ್ಥೆ ಇಂದಿಗೂ ಅದೇ ಕುಟುಂಬದ ಒಡೆತನದಲ್ಲಿದೆ.

1907ರಲ್ಲಿ, ಮಥಿಲ್ಡೆ ಶ್ನೈಡರ್ ಅವರು ಸಂಸ್ಥೆಯ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ‘ಅವೆಂಟೀನಸ್’ ಎಂಬ ಹೊಸ ಬಿಯರ್ ಮಾರುಕಟ್ಟೆಗೆ ಬಂತು. ಕೆಲ್‌ಹೈಮ್‌ಗೆ ಸಮೀಪದ ಆಬೆನ್ಸ್‌ಬರ್ಗ್‌ನಲ್ಲಿ ಹುಟ್ಟಿ ಬವೇರಿಯದ ಚರಿತ್ರೆಯನ್ನು ಬರೆದ ಹದಿನಾರನೆಯ ಶತಮಾನದ ವಿದ್ವಾಂಸ ಯೊಹಾನೆಸ್ ಟುರ್ಮಾಯರ್‌ನ ಲ್ಯಾಟಿನ್ ಹೆಸರು ಅವೆಂಟೀನಸ್. ಸಾಮಾನ್ಯ ಗೋಧಿ ಬಿಯರಿನಲ್ಲಿ ಮದ್ಯಸಾರದ ಪ್ರಮಾಣ ಶೇ. 5ರ ಆಸುಪಾಸಿನಲ್ಲಿದ್ದರೆ, ಇದರಲ್ಲಿ ಶೇ. 8.2 ಇದೆ. 1927ರಲ್ಲಿ ಶ್ನೈಡರ್ ಸಂಸ್ಥೆ ಕೆಲ್‌ಹೈಮ್‌ನ ಹಳೆಯ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. 1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನ ಕಾರ್ಖಾನೆ ನಾಶವಾದ ಬಳಿಕ ತಯಾರಿಕೆಯೆಲ್ಲ ಅಲ್ಲಿಯೇ ನೆಲೆಗೊಂಡಿತು.

ಮಸಾಲೆ ಬಂದದ್ದು ಎಲ್ಲಿಂದ?

ಬೆಲ್ಜಿಯಂ ದೇಶದ ಬಿಳಿ ಗೋಧಿ ಬಿಯರಿಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ಹಾಕಿ ಕುದಿಸುವ ಪದ್ಧತಿ ಇದೆ. ಅಲ್ಲಿ ಮಸಾಲೆಯು ಕಚ್ಚಾವಸ್ತು. ಬವೇರಿಯದಲ್ಲಿ ಹಾಗಲ್ಲ, ಮಸಾಲೆಯು ಅಲ್ಲಿ ಪ್ರಕ್ರಿಯೆಯ ಫಲ. ಅದು ಮೂರು ಹಂತಗಳಲ್ಲಿ ರೂಪುಗೊಳ್ಳುತ್ತದೆ.

ಮೊದಲನೆಯದು ಧಾನ್ಯದ ಹಂತ. ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು ಮಾಲ್ಟ್ ಎನ್ನುತ್ತಾರೆ. ಜರ್ಮನಿಯ ನಿಯಮದಂತೆ ಗೋಧಿ ಬಿಯರಿನಲ್ಲಿ ಕನಿಷ್ಠ ಅರ್ಧದಷ್ಟು ಗೋಧಿ ಮಾಲ್ಟ್ ಇರಬೇಕು, ಉಳಿದದ್ದು ಬಾರ್ಲಿ ಮಾಲ್ಟ್. ಗೋಧಿಗೆ ಹೊಟ್ಟು ಇಲ್ಲದಿರುವುದರಿಂದ ಅದೊಂದನ್ನೇ ಬಳಸಿದರೆ ರಸವನ್ನು ಸೋಸುವುದು ಕಷ್ಟ. ಬಾರ್ಲಿಯ ಹೊಟ್ಟು ಜರಡಿಯಂತೆ ನೆರವಾಗುತ್ತದೆ. ಈ ಧಾನ್ಯಗಳ ಕೋಶಭಿತ್ತಿಯಲ್ಲಿ ಫೆರುಲಿಕ್ ಆಮ್ಲವೆಂಬ ವಸ್ತುವಿದೆ. ನುಚ್ಚು ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸ್ವಲ್ಪ ಹೊತ್ತು ತಡೆದು ನಿಲ್ಲಿಸಿದರೆ ಈ ಆಮ್ಲ ಬಿಡುಗಡೆಯಾಗಿ ರಸಕ್ಕೆ ಸೇರುತ್ತದೆ. ಸಮಯ ಹಾಗೂ ಇಂಧನ ಉಳಿಸಲೆಂದು ಈ ಹಂತವನ್ನು ಬಿಟ್ಟು ನೇರವಾಗಿ ಉಷ್ಣತೆ ಏರಿಸಿದರೆ ಲವಂಗದ ಘಮ ತೆಳುವಾಗುತ್ತದೆ.

ಎರಡನೆಯದು ಯೀಸ್ಟ್‌ನ ಹಂತ. ಗೋಧಿ ಬಿಯರಿನ ಯೀಸ್ಟ್ ತಳಿಗಳು ಫೆರುಲಿಕ್ ಆಮ್ಲವನ್ನು ಒಡೆದು 4-ವಿನೈಲ್ ಗ್ವಾಯಕಾಲ್ ಎಂಬ ಪದಾರ್ಥವಾಗಿ ಪರಿವರ್ತಿಸುತ್ತವೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಬೇರೆ ವಸ್ತುವಾದರೂ ಇವೆರಡೂ ರಚನೆಯಲ್ಲಿ ಹತ್ತಿರದ ಸಂಬಂಧಿಗಳು. ಆದ್ದರಿಂದಲೇ ಮೂಗಿಗೆ ಎರಡೂ ಒಂದೇ ಬಗೆಯಾಗಿ ತೋರುತ್ತವೆ. ಅದೇ ಯೀಸ್ಟ್ ಹುದುಗುವಿಕೆಯ ವೇಳೆ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರನ್ನೂ ಉತ್ಪಾದಿಸುತ್ತದೆ, ಬಾಳೆಹಣ್ಣಿನ ವಾಸನೆ ಅದರದು. ಲಾಗರ್ ತಯಾರಿಸುವ ಯೀಸ್ಟ್‌ಗಳಿಗೆ ಲವಂಗದ ಘಮ ಹುಟ್ಟಿಸುವ ಶಕ್ತಿ ಇಲ್ಲ. ಮ್ಯೂನಿಕ್ ಸಮೀಪದ ವೈಹೆನ್‌ಸ್ಟೆಫಾನ್ ಯೀಸ್ಟ್ ಸಂಗ್ರಹದ 68ನೆಯ ತಳಿಯು ಗೋಧಿ ಬಿಯರ್ ತಯಾರಕರಲ್ಲಿ ಪ್ರಸಿದ್ಧವಾಗಿದೆ.

ಮೂರನೆಯದು ಹುದುಗುವಿಕೆಯ ನಿರ್ವಹಣೆ. ಉಷ್ಣತೆ ಹೆಚ್ಚಿದಂತೆ ಸಾಮಾನ್ಯವಾಗಿ ಹಣ್ಣಿನ ವಾಸನೆ ಏರುತ್ತದೆ. ಪಾತ್ರೆ ಎತ್ತರವಾಗಿದ್ದು ಯೀಸ್ಟ್ ಮೇಲೆ ಒತ್ತಡ ಹೆಚ್ಚಾದರೆ ಅದು ಕಡಿಮೆಯಾಗುತ್ತದೆ, ಅಗಲವಾದ ತೆರೆದ ತೊಟ್ಟಿಯಲ್ಲಿ ಅದಕ್ಕೆ ಅನುಕೂಲ. ರಸ ಗಟ್ಟಿಯಾಗಿದ್ದಷ್ಟೂ ಎಸ್ಟರುಗಳು ಹೆಚ್ಚುತ್ತವೆ. ಅವೆಂಟೀನಸ್‌ನ ರಸದಲ್ಲಿ ಹುದುಗುವಿಕೆಗೆ ಮೊದಲು ಶೇ. 18ಕ್ಕೂ ಹೆಚ್ಚು ಕರಗಿದ ಸಾರವಿರುತ್ತದೆ. ಜರ್ಮನಿಯಲ್ಲಿ ‘ಡೊಪ್ಪೆಲ್‌ಬಾಕ್’ ಎಂಬ ಸ್ಟ್ರಾಂಗ್ ವರ್ಗಕ್ಕೆ ಬೇಕಾದ ಮಟ್ಟವೂ ಶೇ. 18. ಇಷ್ಟು ಗಟ್ಟಿಯಾದ ರಸದಲ್ಲಿ ಉಷ್ಣತೆಯ ಹತೋಟಿ ತಪ್ಪಿದರೆ ಗಂಟಲನ್ನು ಸುಡುವಂತಹ ಒರಟು ಮದ್ಯಸಾರಗಳು ಹುಟ್ಟುತ್ತವೆ. ಸ್ಟ್ರಾಂಗ್ ಬಿಯರ್ ಮಾಡುವುದು ಸುಲಭ, ಸ್ಟ್ರಾಂಗ್ ಆಗಿದ್ದೂ ಮೃದುವಾಗಿರುವ ಬಿಯರ್ ಮಾಡುವುದು ಕಷ್ಟ ಎಂದು ಹೇಳುವುದು ಈ ಕಾರಣಕ್ಕಾಗಿ.

ಇದರಿಂದ ಒಂದು ಮುಖ್ಯ ಅಂಶ ಸ್ಪಷ್ಟವಾಗುತ್ತದೆ. ಲವಂಗದ ಘಮ ಕಡಿಮೆಯಾಗಿದ್ದರೆ ತಯಾರಕನು ಲವಂಗ ಸೇರಿಸಲು ಹೋಗುವುದಿಲ್ಲ, 45 ಡಿಗ್ರಿಯ ಹಂತವನ್ನು ಪರಿಶೀಲಿಸುತ್ತಾನೆ. ಬಾಳೆಹಣ್ಣಿನ ವಾಸನೆ ಮಿತಿಮೀರಿದ್ದರೆ ಹುದುಗುವ ತೊಟ್ಟಿಯ ಉಷ್ಣತೆಯನ್ನು ನೋಡುತ್ತಾನೆ. ಬಟ್ಟಲಿನಲ್ಲಿ ಕಂಡ ದೋಷಕ್ಕೆ ಪರಿಹಾರ ಬಟ್ಟಲಿನಲ್ಲಿ ಇರುವುದಿಲ್ಲ.

ರುಚಿ ಪರೀಕ್ಷೆಯ ಕ್ರಮ

ಪರೀಕ್ಷೆಗೆ ಮುನ್ನ ಕೆಲವು ಸಿದ್ಧತೆಗಳು ಅಗತ್ಯ. ಪರೀಕ್ಷಿಸುವವರು ಆ ಹೊತ್ತಿಗೆ ಮುಂಚೆ ಕಾಫಿ, ಎಲೆಯಡಿಕೆ, ಖಾರದ ತಿಂಡಿಗಳನ್ನು ಸೇವಿಸಿರಬಾರದು. ಅತ್ತರು, ಊದುಬತ್ತಿಗಳ ವಾಸನೆ ಕೊಠಡಿಯಲ್ಲಿ ಇರಬಾರದು. ಲೋಟದಲ್ಲಿ ಸಾಬೂನಿನ ಅಥವಾ ಎಣ್ಣೆಯ ಲೇಪ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಅತಿ ತಂಪಿನಲ್ಲಿ ವಾಸನೆಗಳು ಮೇಲೇಳುವುದಿಲ್ಲವಾದ್ದರಿಂದ ಫ್ರಿಜ್‌ನಿಂದ ತೆಗೆದ ತಕ್ಷಣ ಪರೀಕ್ಷಿಸದೆ 10ರಿಂದ 12 ಡಿಗ್ರಿಯವರೆಗೆ ಬರಲು ಬಿಡಬೇಕು.

1. ಸುರಿಯುವುದು: ಲೋಟವನ್ನು ತಣ್ಣೀರಿನಲ್ಲಿ ಅಲುಬಿ, ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಬೇಕು. ಈ ಬಗೆಯ ಬಿಯರಿನಲ್ಲಿ ಯೀಸ್ಟ್ ಬಾಟಲಿಯ ತಳದಲ್ಲಿ ಕುಳಿತಿರುತ್ತದೆ. ಕೊನೆಯಲ್ಲಿ ಸ್ವಲ್ಪ ಉಳಿಸಿ, ಬಾಟಲಿಯನ್ನು ತಿರುಗಿಸಿ ಕದಡಿ, ಆ ಶೇಷವನ್ನೂ ಸುರಿಯುವುದು ಬವೇರಿಯದ ರೂಢಿ.

2. ನೋಡುವುದು: ಅವೆಂಟೀನಸ್‌ನ ಬಣ್ಣ ಮಾಣಿಕ್ಯದ ಛಾಯೆಯುಳ್ಳ ಕಡುಕಂದು. ಹುರಿದ ಬಗೆಯ ಮಾಲ್ಟ್‌ನಿಂದ ಈ ಬಣ್ಣ ಬರುತ್ತದೆ. ಅದು ತಿಳಿಯಾಗಿರದೆ ಮಬ್ಬಾಗಿರುತ್ತದೆ. ಗೋಧಿಯ ಪ್ರೊಟೀನ್ ಹಾಗೂ ಯೀಸ್ಟ್ ಅದಕ್ಕೆ ಕಾರಣವಾದ್ದರಿಂದ ಇದನ್ನು ದೋಷವೆಂದು ಎಣಿಸಬಾರದು. ನೊರೆ ದಟ್ಟವಾಗಿ, ಕೆನೆಯಂತೆ ಕೆಲವು ನಿಮಿಷ ನಿಲ್ಲಬೇಕು.

3. ಮೂಸುವುದು: ಮೊದಲು ಲೋಟವನ್ನು ಅಲುಗಿಸದೆ, ಬಳಿಕ ತುಸು ತಿರುಗಿಸಿ, ಚಿಕ್ಕ ಚಿಕ್ಕ ಉಸಿರುಗಳಲ್ಲಿ ಮೂಸಬೇಕು. ಮೂಗು ಬೇಗನೆ ಒಗ್ಗಿಕೊಳ್ಳುವುದರಿಂದ ಮೊದಲ ಮೂರು ನಾಲ್ಕು ಉಸಿರುಗಳಲ್ಲಿ ತಿಳಿದದ್ದನ್ನು ಆಗಲೇ ಬರೆದಿಟ್ಟುಕೊಳ್ಳುವುದು ಒಳಿತು. ಲವಂಗ, ಮಾಗಿದ ಬಾಳೆಹಣ್ಣು, ಒಣದ್ರಾಕ್ಷಿ, ಒಣಗಿಸಿದ ಪ್ಲಮ್, ತುಸು ಚಾಕೊಲೇಟ್ ಇವು ಇಲ್ಲಿ ನಿರೀಕ್ಷಿಸಬಹುದಾದ ವಾಸನೆಗಳು.

4. ಸವಿಯುವುದು: ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲ ಹರಡಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ನಾವು ರುಚಿಯೆಂದು ಕರೆಯುವುದರ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ ಆಗಿದೆ. ಮೂಗನ್ನು ಬಿಗಿಹಿಡಿದು ನುಂಗಿದರೆ ಸಿಹಿ, ಕಹಿ, ಹುಳಿಗಳಷ್ಟೇ ತಿಳಿದು ಲವಂಗ ಮಾಯವಾಗುತ್ತದೆ. ಬಿಟ್ಟೊಡನೆ ಮರಳಿ ಬರುತ್ತದೆ. ಹೊಸಬರಿಗೆ ಈ ಪ್ರಯೋಗವನ್ನು ಮಾಡಿ ತೋರಿಸಬೇಕು.

5. ಉಳಿಕೆಯನ್ನು ಗಮನಿಸುವುದು: ನುಂಗಿದ ಬಳಿಕ ಉಳಿಯುವ ರುಚಿಯಲ್ಲಿ ಮಾಲ್ಟ್‌ನ ಸಿಹಿ ಮತ್ತು ಮಸಾಲೆಯ ಕಾವು ಒಟ್ಟಿಗೆ ಇಳಿಯಬೇಕು. ಎದೆಯಲ್ಲಿ ಹಿತವಾದ ಬೆಚ್ಚಗಿನ ಅನುಭವ ಸರಿ, ಗಂಟಲಿನಲ್ಲಿ ಉರಿ ಸರಿಯಲ್ಲ. ಹಾಪ್ಸ್‌ನ ಕಹಿ ಈ ಬಿಯರಿನಲ್ಲಿ ಹಿಂದೆಯೇ ನಿಲ್ಲುತ್ತದೆ.

ಇಂತಹ ಬಿಯರಿನ ಪರೀಕ್ಷೆಯಲ್ಲಿ ಪ್ರಮಾಣದ ಎಚ್ಚರವೂ ಬೇಕು. ಶೇ. 8.2ರ ಅರ್ಧ ಲೀಟರ್ ಬಾಟಲಿಯಲ್ಲಿ 41 ಮಿಲಿಲೀಟರ್ ಶುದ್ಧ ಮದ್ಯಸಾರವಿದೆ. ನಮ್ಮಲ್ಲಿ ಮಾರಾಟವಾಗುವ ಶೇ. 42.8ರ ವಿಸ್ಕಿಯ 60 ಮಿಲಿಲೀಟರ್ ಪೆಗ್‌ನಲ್ಲಿ ಇರುವುದು ಸುಮಾರು 26 ಮಿಲಿಲೀಟರ್. ಸಿಹಿ ಹಾಗೂ ಹಣ್ಣಿನ ವಾಸನೆಗಳು ಈ ಬಲವನ್ನು ಮರೆಮಾಚುತ್ತವೆ. ಒಬ್ಬರಿಗೆ ಒಂದು ಮಾದರಿಯಲ್ಲಿ 50 ಮಿಲಿಲೀಟರ್ ಸಾಕು. ಪರೀಕ್ಷೆಯ ನಂತರ ವಾಹನ ಚಾಲನೆ ಸಲ್ಲದು.

ದೋಷಗಳು ಹೇಳುವ ಮಾತು

ಒಳ್ಳೆಯ ರುಚಿಗಿಂತ ಕೆಟ್ಟ ರುಚಿಯೇ ತಯಾರಕನಿಗೆ ಹೆಚ್ಚು ಮಾಹಿತಿ ನೀಡುತ್ತದೆ. ಬಿಯರ್ ಉದ್ಯಮದಲ್ಲಿ ಮುಖ್ಯ ದೋಷಗಳಿಗೆ ನಿರ್ದಿಷ್ಟ ಹೆಸರು ಮತ್ತು ನಿರ್ದಿಷ್ಟ ಕಾರಣಗಳನ್ನು ಗುರುತಿಸಲಾಗಿದೆ.

ಬೆಣ್ಣೆಯ ವಾಸನೆ: ಡೈಅಸಿಟೈಲ್ ಎಂಬ ವಸ್ತುವಿನದು. ಹುದುಗುವಿಕೆ ಮುಗಿಯುವ ಮುನ್ನವೇ ತಂಪು ಮಾಡಿದಾಗ ಅಥವಾ ಬ್ಯಾಕ್ಟೀರಿಯಾ ಸೇರಿದಾಗ ಉಳಿಯುತ್ತದೆ.

ಬೇಯಿಸಿದ ಮುಸುಕಿನ ಜೋಳದ ವಾಸನೆ: ರಸವನ್ನು ಸಾಕಷ್ಟು ಕುದಿಸದಿದ್ದರೆ ಅಥವಾ ಕುದಿಸಿದ ಬಳಿಕ ತಣಿಸಲು ತಡವಾದರೆ ಬರುತ್ತದೆ.

ಒದ್ದೆ ರಟ್ಟಿನ ವಾಸನೆ: ಬಾಟಲಿಗೆ ಆಮ್ಲಜನಕ ಸೇರಿದೆ ಅಥವಾ ಸರಕು ಬಿಸಿಲ ಝಳದಲ್ಲಿ ಬಹಳ ದಿನ ಇತ್ತು ಎಂಬುದರ ಸೂಚನೆ. ಇಲ್ಲಿ ತಪ್ಪು ತಯಾರಕನದೇ ಆಗಬೇಕೆಂದಿಲ್ಲ, ಗೋದಾಮಿನದೂ ಇರಬಹುದು.

ಕೊಳೆತ ಗಬ್ಬುನಾತ: ಬೆಳಕು ಹಾಪ್ಸ್‌ನ ಅಂಶಗಳ ಮೇಲೆ ಬಿದ್ದಾಗ ಗಂಧಕಯುಕ್ತ ವಸ್ತು ಹುಟ್ಟುತ್ತದೆ. ಕಂದು ಗಾಜಿನ ಬಾಟಲಿಯ ಬಳಕೆ ಇದನ್ನು ತಡೆಯಲೆಂದೇ.

ಆಸ್ಪತ್ರೆಯ ಔಷಧಿಯ ವಾಸನೆ: ನೀರಿನಲ್ಲಿರುವ ಅಥವಾ ಪಾತ್ರೆ ತೊಳೆಯಲು ಬಳಸಿದ ಕ್ಲೋರಿನ್ ಫಿನಾಲುಗಳೊಡನೆ ಸೇರಿದಾಗ ಬರುತ್ತದೆ. ನಗರದ ಕೊಳಾಯಿ ನೀರನ್ನು ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇವುಗಳ ನಡುವೆ ಲವಂಗದ ಘಮದ ಸ್ಥಾನ ವಿಚಿತ್ರವಾದುದು. ಗೋಧಿ ಬಿಯರಿನಲ್ಲಿ ಅದೊಂದು ಸದ್ಗುಣ. ಅದೇ ಘಮ ಲಾಗರಿನಲ್ಲಿ ಕಂಡುಬಂದರೆ ಕಾಡು ಯೀಸ್ಟ್ ಹೊಕ್ಕಿದೆ ಎಂದರ್ಥ, ಇಡೀ ತಂಡವನ್ನು ತಿರಸ್ಕರಿಸಬೇಕಾಗಬಹುದು. ಗುಣ ಅಥವಾ ದೋಷ ಎಂಬುದು ವಾಸನೆಯಲ್ಲಿಲ್ಲ. ಸರಕು ಏನಾಗಬೇಕೆಂದು ತಯಾರಕನು ಮೊದಲೇ ನಿರ್ಧರಿಸಿರುವ ಮಾನದಂಡದಲ್ಲಿದೆ. ಮಾನದಂಡವನ್ನು ಬರೆದಿಡದ ಕಾರ್ಖಾನೆಯಲ್ಲಿ ರುಚಿ ಪರೀಕ್ಷೆಯು ವಾದ ವಿವಾದಗಳಲ್ಲಿ ಮುಗಿಯುತ್ತದೆ.

ಕಾಲವೂ ಒಂದು ಅಂಶ. ಹೊಸ ಬಾಟಲಿಯಲ್ಲಿ ಎದ್ದು ಕಾಣುವ ಲವಂಗ ಮತ್ತು ಬಾಳೆಹಣ್ಣು ಶೇಖರಣೆಯಲ್ಲಿ ಕ್ರಮೇಣ ಮಾಸುತ್ತವೆ. ಸಾಮಾನ್ಯ ಗೋಧಿ ಬಿಯರಿಗೆ ಇದು ನಷ್ಟ. ಆದರೆ ಅವೆಂಟೀನಸ್‌ನಂತಹ ಸ್ಟ್ರಾಂಗ್ ಬಿಯರನ್ನು ತಂಪಾದ ಕತ್ತಲೆಯಲ್ಲಿ ಇಟ್ಟರೆ ಆ ಜಾಗಕ್ಕೆ ಒಣಹಣ್ಣಿನ, ಶೆರಿ ದ್ರಾಕ್ಷಾರಸದ ಛಾಯೆಗಳು ಬರುತ್ತವೆ. ಸಂಸ್ಥೆಯು ವರ್ಷ ನಮೂದಿಸಿ ಹಳತಾಗಿಸಿದ ಬಾಟಲಿಗಳನ್ನು ಬೇರೆಯಾಗಿಯೇ ಮಾರಾಟಕ್ಕೆ ತಂದಿದೆ.

ಅದೇ ಸಂಸ್ಥೆಯ ಇನ್ನೊಂದು ಪ್ರಸಂಗವೂ ಉದ್ಯಮಿಗಳ ಗಮನಕ್ಕೆ ಯೋಗ್ಯ. ಹಿಂದೆ ಚಳಿಗಾಲದ ಸಾಗಣೆಯಲ್ಲಿ ಅವೆಂಟೀನಸ್ ಭಾಗಶಃ ಹೆಪ್ಪುಗಟ್ಟುತ್ತಿತ್ತು. ನೀರು ಮಂಜಾಗಿ ಬೇರ್ಪಟ್ಟು ಉಳಿದ ಬಿಯರ್ ಹೆಚ್ಚು ಗಟ್ಟಿಯಾಗುತ್ತಿತ್ತು ಎಂದು ಸಂಸ್ಥೆ ಹೇಳುತ್ತದೆ. ಸಾಗಣೆ ಸುಧಾರಿಸಿದ ಮೇಲೆ ಅದು ನಿಂತಿತು. 2002ರಲ್ಲಿ ಮುಖ್ಯ ತಯಾರಕರಾದ ಹಾನ್ಸ್-ಪೀಟರ್ ಡ್ರೆಕ್ಸ್‌ಲರ್ ಅವರು ಅದನ್ನೇ ನಿಯಂತ್ರಿತ ವಿಧಾನದಲ್ಲಿ ಪುನಃ ರೂಪಿಸಿ, ಶೇ. 12ರ ಐಸ್‌ಬಾಕ್ ಎಂಬ ಸರಕನ್ನು ಹೊರತಂದರು. ಆಕಸ್ಮಿಕವನ್ನು ಸವಿದು, ಅದರ ಕಾರಣವನ್ನು ತಿಳಿದು, ಬೇಕೆಂದಾಗ ಮರಳಿ ಮಾಡುವ ಹತೋಟಿ ದೊರೆತ ಮೇಲೆ ಮಾತ್ರ ಅದು ವ್ಯಾಪಾರವಾಯಿತು.

ಮೂರು ಲೋಟಗಳ ಪರೀಕ್ಷೆ

ಮಾಲೀಕನ ಒಬ್ಬನ ನಾಲಿಗೆಯನ್ನೇ ನಂಬಿದರೆ ಅಪಾಯವಿದೆ. ಸ್ವಂತ ಸರಕಿನ ಮೇಲಿನ ಅಭಿಮಾನ ಅವನ ತೀರ್ಪನ್ನು ಓಲಿಸುತ್ತದೆ, ಕೆಲಸಗಾರರು ಅವನ ಮುಖ ನೋಡಿ ಉತ್ತರಿಸುತ್ತಾರೆ. ಇದಕ್ಕೆ ಪರಿಹಾರವಾಗಿ ಉದ್ಯಮಗಳು ತ್ರಿಕೋನ ಪರೀಕ್ಷೆಯೆಂಬ ಸರಳ ವಿಧಾನವನ್ನು ಅನುಸರಿಸುತ್ತವೆ.

ಕಚ್ಚಾವಸ್ತುವಿನ ಪೂರೈಕೆದಾರನನ್ನು ಬದಲಾಯಿಸಿದ್ದೀರಿ ಎಂದುಕೊಳ್ಳಿ. ಗಿರಾಕಿಗೆ ವ್ಯತ್ಯಾಸ ತಿಳಿಯುವುದೇ? ಒಬ್ಬೊಬ್ಬರಿಗೂ ಸಂಖ್ಯೆ ಮಾತ್ರ ಬರೆದ ಮೂರು ಲೋಟಗಳನ್ನು ನೀಡಬೇಕು. ಎರಡರಲ್ಲಿ ಒಂದೇ ಮಾದರಿ, ಮೂರನೆಯದರಲ್ಲಿ ಬೇರೆ. ಬೇರೆಯಾದುದನ್ನು ಅವರು ಆರಿಸಬೇಕು. ಏನೂ ತಿಳಿಯದೆ ಊಹಿಸಿದರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗುವ ಸಂಭವವಿದೆ. ಆದ್ದರಿಂದ 12 ಮಂದಿಯಲ್ಲಿ 8 ಅಥವಾ ಹೆಚ್ಚು ಜನ ಸರಿಯಾಗಿ ಗುರುತಿಸಿದರೆ ಮಾತ್ರ ವ್ಯತ್ಯಾಸ ನಿಜವಾಗಿಯೂ ತಿಳಿಯುತ್ತಿದೆ ಎಂದು ತೀರ್ಮಾನಿಸಬಹುದು. 6 ಮಂದಿ ಇದ್ದರೆ 5 ಉತ್ತರ ಸರಿಯಿರಬೇಕು. ಲೋಟಗಳ ಅನುಕ್ರಮವನ್ನು ಪ್ರತಿಯೊಬ್ಬರಿಗೂ ಬದಲಿಸಬೇಕು, ಪರಸ್ಪರ ಮಾತನಾಡಲು ಬಿಡಬಾರದು, ಬಣ್ಣದ ವ್ಯತ್ಯಾಸವಿದ್ದರೆ ಕಾಣದಂತೆ ಬಣ್ಣದ ಲೋಟಗಳನ್ನು ಬಳಸಬೇಕು. ಇಷ್ಟಕ್ಕೆ ಬೇಕಾಗುವುದು ಒಂದು ಗಂಟೆಯ ಸಮಯ ಮತ್ತು ಒಂದು ನೋಟ್‌ಪುಸ್ತಕ.

ನಮ್ಮ ಮಾರುಕಟ್ಟೆಯ ದೃಷ್ಟಿಯಿಂದ

2010ರ ದಶಕದ ಆರಂಭದಿಂದ ಬೆಂಗಳೂರಿನಲ್ಲಿ ಸ್ಥಳದಲ್ಲಿಯೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೊಬ್ರೂವರಿಗಳು ಬೆಳೆದಿವೆ. ಅವುಗಳ ಪಟ್ಟಿಯಲ್ಲಿ ಬವೇರಿಯ ಶೈಲಿಯ ಗೋಧಿ ಬಿಯರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಈ ಉದ್ಯಮಕ್ಕೆ ಮಾಲ್ಟ್, ಉಕ್ಕಿನ ತೊಟ್ಟಿ, ಶೀತಲೀಕರಣ ಯಂತ್ರ, ಗಾಜಿನ ಸಾಮಾನು ಪೂರೈಸುವ ಸಣ್ಣ ತಯಾರಕರು ಈ ಬಿಯರಿನ ರುಚಿ ಯಾವುದರಿಂದ ಹುಟ್ಟುತ್ತದೆ ಎಂಬುದನ್ನು ತಿಳಿದಿದ್ದರೆ ಗ್ರಾಹಕನ ಅಗತ್ಯವನ್ನು ಚೆನ್ನಾಗಿ ಅರಿಯಬಲ್ಲರು. 45 ಡಿಗ್ರಿಯಲ್ಲಿ ಸ್ಥಿರವಾಗಿ ನಿಲ್ಲದ ತೊಟ್ಟಿಯು ಉಕ್ಕಿನ ಗುಣಮಟ್ಟದಲ್ಲಿ ಎಷ್ಟೇ ಉತ್ತಮವಾಗಿದ್ದರೂ ಈ ಗ್ರಾಹಕನಿಗೆ ನಿರುಪಯುಕ್ತ.

ಕಾನೂನಿನ ಅಂಶಗಳನ್ನೂ ಮರೆಯುವಂತಿಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ಪ್ರಕಟಿಸಿದ ಮದ್ಯಪಾನೀಯ ನಿಯಮಗಳು ಬಿಯರಿನ ಮದ್ಯಸಾರಕ್ಕೆ ಶೇ. 8ರ ಮಿತಿಯನ್ನು ವಿಧಿಸಿದವು. ಶೇ. 8.2ರ ಅವೆಂಟೀನಸ್ ಈ ಗೆರೆಯನ್ನು ಸ್ವಲ್ಪದರಲ್ಲಿಯೇ ದಾಟುತ್ತದೆ. ಆದ್ದರಿಂದ ಇಂತಹ ಸರಕಿನ ಆಮದು ಅಥವಾ ಅದೇ ಶೈಲಿಯ ತಯಾರಿಕೆಯನ್ನು ಯೋಚಿಸುವವರು ಮದ್ಯಸಾರದ ಪ್ರಮಾಣ, ಲೇಬಲ್ ಮೇಲಿನ ಎಚ್ಚರಿಕೆ ಹಾಗೂ ರಾಜ್ಯದ ಅಬಕಾರಿ ನಿಯಮಗಳನ್ನು ಒಪ್ಪಂದಕ್ಕೆ ಮುನ್ನವೇ ಪರಿಶೀಲಿಸುವುದು ಕ್ಷೇಮಕರ.

ಬಿಯರ್ ವ್ಯಾಪಾರದ ಸಂಬಂಧವಿಲ್ಲದ ಸದಸ್ಯರಿಗೂ ಇಲ್ಲೊಂದು ಪಾಠವಿದೆ. ನಮ್ಮ ಕಾಫಿ ವ್ಯಾಪಾರದಲ್ಲಿ ಬಟ್ಟಲಿನ ಪರೀಕ್ಷೆಯಿಂದಲೇ ಬೆಲೆ ನಿಗದಿಯಾಗುವುದನ್ನು ಎಲ್ಲರೂ ಬಲ್ಲರು. ಹಣ್ಣು ಬಿಡಿಸಿದ ಬಳಿಕ ಹುದುಗುವಿಕೆ ಅತಿಯಾಗಿದ್ದರೆ ಅನುಭವಿ ಪರೀಕ್ಷಕನಿಗೆ ಒಂದು ಗುಟುಕಿನಲ್ಲಿಯೇ ತಿಳಿಯುತ್ತದೆ. ಅದೇ ಶಿಸ್ತು ಸಂಡಿಗೆ, ಸಾರಿನ ಪುಡಿ, ಹಣ್ಣಿನ ರಸ, ಬೇಕರಿ ತಿನಿಸುಗಳ ಕಾರ್ಖಾನೆಗಳಿಗೂ ಬರಬೇಕಾಗಿದೆ. ಮೂರು ಕೆಲಸಗಳಿಂದ ಆರಂಭಿಸಬಹುದು: ಸರಕಿನ ರುಚಿ ಹೇಗಿರಬೇಕೆಂಬುದನ್ನು ಅರ್ಧ ಪುಟದಲ್ಲಿ ಬರೆದಿಡುವುದು, ಪ್ರತಿ ತಂಡದ ಒಂದು ಮಾದರಿಯನ್ನು ದಿನಾಂಕ ಸಹಿತ ತೆಗೆದಿರಿಸುವುದು, ಗಿರಾಕಿಯ ದೂರು ಬಂದಾಗ ಅದನ್ನು ತೆರೆದು, ಕಂಡ ರುಚಿಗೆ ಹೆಸರು ಕೊಟ್ಟು, ಕಾರಣವಾದ ಹಂತವನ್ನು ಪತ್ತೆಹಚ್ಚುವುದು.

ರುಚಿ ಕೊರತೆಯಾದಾಗ ಮಸಾಲೆ ಸೇರಿಸುವುದು ಸುಲಭದ ದಾರಿ. ಅದು ಖರ್ಚನ್ನು ಹೆಚ್ಚಿಸುತ್ತದೆ, ಮೂಲದೋಷವನ್ನು ಹಾಗೆಯೇ ಉಳಿಸುತ್ತದೆ. ಲವಂಗವನ್ನೇ ಹಾಕದೆ ಲವಂಗದ ಘಮವನ್ನು ನೂರು ವರ್ಷಗಳಿಗೂ ಮೀರಿ ಪ್ರತಿ ಬಾಟಲಿಯಲ್ಲಿ ಕಾಯ್ದುಕೊಂಡು ಬಂದಿರುವ ಕೆಲ್‌ಹೈಮ್‌ನ ಕಾರ್ಖಾನೆಯು ಉಷ್ಣತೆ, ಸಮಯ ಮತ್ತು ಯೀಸ್ಟ್‌ಗಳ ಹತೋಟಿಯಿಂದಲೇ ಅದನ್ನು ಸಾಧಿಸಿದೆ. ಈ ಹತೋಟಿಗೆ ದೊಡ್ಡ ಬಂಡವಾಳಕ್ಕಿಂತ ಹೆಚ್ಚಾಗಿ ಬೇಕಾದುದು ಪ್ರತಿದಿನದ ಗಮನ.